ಹೈಬ್ರಿಡ್ ಕಾರಿನ ಎಂಜಿನ್ ನಿಲ್ಲದೆ ಓಡುತ್ತಿದ್ದರೆ: ದೋಷವನ್ನು ಹುಡುಕುವ ಕ್ರಮ

ಸಿಗ್ನಲ್‌ನಲ್ಲಿ ತಾನಾಗಿಯೇ ನಿಲ್ಲುತ್ತಿದ್ದ ಎಂಜಿನ್ ಈಗ ನಿಲ್ಲುವುದಿಲ್ಲ, ಪರದೆಯಲ್ಲಿ ಕಾಣುವ ಬ್ಯಾಟರಿ ಮಟ್ಟ ಬೇಗನೆ ತುಂಬಿ ಅಷ್ಟೇ ಬೇಗನೆ ಇಳಿಯುತ್ತದೆ, ಮೈಲೇಜ್ ಕುಸಿದಿದೆ, ಎಚ್ಚರಿಕೆಯ ದೀಪ ಮಾತ್ರ ಇನ್ನೂ ಹತ್ತಿಲ್ಲ, ಅಥವಾ ಹತ್ತಿ ಆರುತ್ತಿದೆ. ಈ ದೂರಿಗೆ ಅನೇಕ ಗ್ಯಾರೇಜುಗಳಲ್ಲಿ ಸಿದ್ಧವಾದ ಉತ್ತರವೊಂದಿದೆ: ಮೋಟಾರನ್ನು ಓಡಿಸುವ ದೊಡ್ಡ ಬ್ಯಾಟರಿ ಹೋಗಿದೆ, ಬದಲಿಸಬೇಕು. ಆ ಉತ್ತರ ಕೆಲವೊಮ್ಮೆ ನಿಜವೇ ಆಗಿರುತ್ತದೆ. ಆದರೆ ಅದೇ ಲಕ್ಷಣವನ್ನು ಧೂಳು ಕಟ್ಟಿದ ಒಂದು ಫಿಲ್ಟರ್, ತುಕ್ಕು ಹಿಡಿದ ಒಂದು ತಾಮ್ರದ ಪಟ್ಟಿ ಅಥವಾ ಚಾಲಕನ ಒಂದು ಅಭ್ಯಾಸವೂ ಉಂಟುಮಾಡಬಲ್ಲದು. ಕಾರಿನ ವ್ಯವಸ್ಥೆ ಮೋಟಾರಿಗೂ ಬ್ಯಾಟರಿಗೂ ಶಕ್ತಿಯನ್ನು ಹೇಗೆ ಹಂಚುತ್ತದೆ ಎಂಬುದನ್ನು ತಿಳಿಯದೆ ಲಕ್ಷಣವನ್ನು ಓದಲಾಗದು. ಅದನ್ನು ತಿಳಿದು ಕ್ರಮವಾಗಿ ನೋಡುತ್ತ ಹೋದರೆ ದೊಡ್ಡ ಬ್ಯಾಟರಿ ಅನುಮಾನದ ಸಾಲಿನಲ್ಲಿ ಹಿಂದಕ್ಕೆ ಸರಿಯುತ್ತದೆ.

ಮುಂದುವರಿಯುವ ಮೊದಲು ಸುರಕ್ಷತೆಯ ಮಾತು. ಕಿತ್ತಳೆ ಬಣ್ಣದ ಹೊದಿಕೆಯ ಕೇಬಲ್‌ಗಳಲ್ಲಿ ಮನುಷ್ಯನನ್ನು ಕೊಲ್ಲುವಷ್ಟು ವೋಲ್ಟೇಜ್ ಇರುತ್ತದೆ. ಬ್ಯಾಟರಿ ಪೆಟ್ಟಿಗೆಯನ್ನಾಗಲಿ, ಬ್ಯಾಟರಿಯ ವಿದ್ಯುತ್ತನ್ನು ಮೋಟಾರಿಗೆ ಒಗ್ಗಿಸುವ ಇನ್ವರ್ಟರನ್ನಾಗಲಿ ತೆರೆಯುವ ಕೆಲಸವನ್ನು ತರಬೇತಿ ಪಡೆದವರೇ ಮಾಡಬೇಕು. ಅವರೂ 1000 ವೋಲ್ಟ್‌ವರೆಗಿನ ಕೆಲಸಕ್ಕೆ ಮಾನ್ಯವಾದ, ತೂತಿಲ್ಲವೆಂದು ಊದಿ ಪರೀಕ್ಷಿಸಿದ ಕೈಗವಸು ತೊಟ್ಟು, ಕಾರನ್ನು ಆಫ್ ಮಾಡಿ, 12 ವೋಲ್ಟ್ ಬ್ಯಾಟರಿಯ ಋಣ ತುದಿಯನ್ನು ಬಿಡಿಸಿ, ದೊಡ್ಡ ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ಕಿತ್ತು ಜೇಬಿನಲ್ಲಿಟ್ಟುಕೊಂಡು, ಇನ್ವರ್ಟರಿನ ಕೆಪಾಸಿಟರ್‌ಗಳು ಬರಿದಾಗಲು ಕನಿಷ್ಠ 10 ನಿಮಿಷ ಕಾದು, ವೋಲ್ಟೇಜ್ ಶೂನ್ಯಕ್ಕೆ ಇಳಿದಿದೆ ಎಂದು ಅಳೆದ ಮೇಲೆಯೇ ಕೈ ಹಾಕಬೇಕು. ಇಲ್ಲಿ ಹೇಳುವ ಪರೀಕ್ಷೆಗಳಲ್ಲಿ ಹೆಚ್ಚಿನವು ಏನನ್ನೂ ಬಿಚ್ಚದೆ, ಕಾರಿನ ಕಂಪ್ಯೂಟರ್ ದಾಖಲೆ ಓದುವ ಉತ್ತಮ ಸ್ಕ್ಯಾನರ್ ಮತ್ತು ಸಾಧಾರಣ ಮಲ್ಟಿಮೀಟರ್ ಇಟ್ಟುಕೊಂಡು ಮಾಡಬಹುದಾದವು.

ಮೊದಲು ಕಾರಿನ ಬಗೆ ಗೊತ್ತಾಗಲಿ

‘ಹೈಬ್ರಿಡ್’ ಎಂಬ ಫಲಕ ನೋಡಿ ಏನನ್ನೂ ತೀರ್ಮಾನಿಸುವಂತಿಲ್ಲ. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ 2022ರಲ್ಲಿ ಹೊರಬಂದ ಅರ್ಬನ್ ಕ್ರೂಸರ್ ಹೈರೈಡರ್ ಮತ್ತು ಮಾರುತಿ ಸುಜುಕಿಯ ಗ್ರ್ಯಾಂಡ್ ವಿಟಾರಾ ಇದಕ್ಕೆ ಒಳ್ಳೆಯ ಉದಾಹರಣೆ. ಒಂದೇ ಹೆಸರಿನ, ಒಂದೇ ಮೈಕಟ್ಟಿನ ಕಾರು ಎರಡು ಬಗೆಯ ಹೈಬ್ರಿಡ್ ಆಗಿ ಮಾರಾಟವಾಗಿದೆ. ಒಂದರಲ್ಲಿ ಎಂಜಿನ್ ಆಫ್ ಆಗಿದ್ದಾಗಲೂ ಮೋಟಾರು ಚಕ್ರಗಳನ್ನು ತಿರುಗಿಸುತ್ತದೆ. ಇನ್ನೊಂದರಲ್ಲಿ ಬೆಲ್ಟಿನಿಂದ ತಿರುಗುವ ಸ್ಟಾರ್ಟರ್-ಜನರೇಟರ್ ಎಂಜಿನ್ನಿಗೆ ನೆರವಾಗುತ್ತದೆಯೇ ಹೊರತು ಕಾರನ್ನು ಒಂಟಿಯಾಗಿ ಎಳೆಯಲಾರದು. ಸೆಕೆಂಡ್ ಹ್ಯಾಂಡ್ ಕೊಂಡವರು ಎರಡನೆಯದನ್ನು ಇಟ್ಟುಕೊಂಡು ‘ಇವಿ ಮೋಡ್ (ಬರೀ ಮೋಟಾರಿನ ಓಟ) ಬರುತ್ತಿಲ್ಲ’ ಎಂದು ದೂರುವುದುಂಟು. ಅಲ್ಲಿ ಬರಲು ಅಂಥ ಮೋಡೇ ಇಲ್ಲ.

1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಬಂದ ಮೊದಲ ಪ್ರಿಯಸ್‌ನಿಂದ ಇಂದಿನ ಇನ್ನೋವಾ ಹೈಕ್ರಾಸ್‌ವರೆಗೆ ಟೊಯೊಟಾ ಅನುಸರಿಸಿರುವುದು ಶಕ್ತಿಯನ್ನು ಇಬ್ಭಾಗಿಸುವ ಪದ್ಧತಿ. ಇದರಲ್ಲಿ ಎರಡು ವಿದ್ಯುತ್ ಯಂತ್ರಗಳಿವೆ: ಎಂಜಿನ್ನನ್ನು ಸ್ಟಾರ್ಟ್ ಮಾಡುವ ಮತ್ತು ಅದರಿಂದ ವಿದ್ಯುತ್ ತೆಗೆಯುವ ಎಂಜಿ1, ಚಕ್ರಗಳನ್ನು ಓಡಿಸುವ ಮತ್ತು ಬ್ರೇಕ್ ಒತ್ತಿದಾಗ ಶಕ್ತಿಯನ್ನು ಮರಳಿ ಪಡೆಯುವ ಎಂಜಿ2. ಎಂಜಿನ್, ಎಂಜಿ1 ಮತ್ತು ಚಕ್ರಗಳ ಕಡೆಯ ದಂಡವನ್ನು ಗ್ರಹಗತಿಯ (ಪ್ಲಾನೆಟರಿ) ಗೇರು ಕಟ್ಟಿಹಾಕುತ್ತದೆ. ಮೊದಲ ಮೂರು ತಲೆಮಾರಿನ ಪ್ರಿಯಸ್‌ಗಳಲ್ಲಿ ನಡುವಿನ ಗೇರಿಗೆ 30 ಹಲ್ಲು, ಹೊರಬಳೆಗೆ 78 ಹಲ್ಲು ಇರುವುದರಿಂದ ಎಂಜಿನ್ನಿನ ತಿರುಚುಬಲದಲ್ಲಿ ಶೇ. 72ರಷ್ಟು ನೇರವಾಗಿ ಚಕ್ರಗಳ ಕಡೆಗೂ ಉಳಿದ ಶೇ. 28 ಎಂಜಿ1ರ ಕಡೆಗೂ ಹೋಗುತ್ತದೆ. ಇಲ್ಲಿ ಪ್ರತ್ಯೇಕ ಸ್ಟಾರ್ಟರ್ ಮೋಟಾರಿಲ್ಲ, ಆಲ್ಟರ್ನೇಟರ್ ಇಲ್ಲ, ಹಿಮ್ಮುಖ ಗೇರೂ ಇಲ್ಲ. ದೊಡ್ಡ ಬ್ಯಾಟರಿಯ ಸಂಪರ್ಕ ಕಡಿದರೆ ಎಂಜಿನ್ ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಸ್ಟಾರ್ಟ್ ಆಗದು. ರಿವರ್ಸ್‌ನಲ್ಲಿ ಕಾರನ್ನು ಎಳೆಯುವುದು ಎಂಜಿ2 ಒಂದೇ ಆದ್ದರಿಂದ, ನೆಲಮಾಳಿಗೆಯ ಪಾರ್ಕಿಂಗಿನ ಕಡಿದಾದ ಏರನ್ನು ಹಿಮ್ಮುಖವಾಗಿ ಹತ್ತುವಾಗ ಮಾತ್ರ ಕಾರು ಸೋಲುತ್ತಿದ್ದರೆ ಬ್ಯಾಟರಿಯ ಮಟ್ಟ ಕೆಳಗಿದೆಯೇ ಎಂದು ನೋಡಬೇಕು; ಅಲ್ಲಿ ಗೇರ್‌ಬಾಕ್ಸನ್ನು ಅನುಮಾನಿಸುವುದು ವ್ಯರ್ಥ.

ಹೋಂಡಾದ ಹಳೆಯ ಐಎಂಎ, ಈಗಿನ ಇ:ಎಚ್‌ಇವಿ ಮತ್ತು ಇತರ ಪದ್ಧತಿಗಳ ವಿಚಾರ ಮುಂದೆ ಬರುತ್ತದೆ. ಹೆಚ್ಚಿನ ಪರೀಕ್ಷೆಗಳನ್ನು ಶಕ್ತಿ ಇಬ್ಭಾಗಿಸುವ ಕಾರನ್ನೇ ಮುಂದಿಟ್ಟುಕೊಂಡು ವಿವರಿಸಿದೆ.

ದೋಷವಲ್ಲದ್ದನ್ನು ಬದಿಗಿಡುವುದು

ತಣ್ಣಗಿರುವ ಎಂಜಿನ್ ಬೆಚ್ಚಗಾಗುವವರೆಗೆ ನಿಲ್ಲುವುದಿಲ್ಲ, ಇದು ಸಹಜ. ಥರ್ಮೋಸ್ಟಾಟ್ ತೆರೆದೇ ಉಳಿದು ಎಂಜಿನ್ ಎಂದೂ ಸರಿಯಾದ ಶಾಖಕ್ಕೆ ಬಾರದಿದ್ದರೆ ಅದು ನಿಲ್ಲಲು ಒಪ್ಪದು. ಆಗ ಸ್ಕ್ಯಾನರ್‌ನಲ್ಲಿ ಕೂಲೆಂಟ್ ತಾಪಮಾನ ನೋಡಿದರೆ ಕತೆ ಅಲ್ಲಿಗೇ ಮುಗಿಯುತ್ತದೆ.

ಚಾರ್ಮಾಡಿ ಅಥವಾ ಆಗುಂಬೆ ಘಾಟಿಯನ್ನು ಇಳಿಯುವಾಗ ಆಕ್ಸಿಲರೇಟರ್ ಮುಟ್ಟದಿದ್ದರೂ ಎಂಜಿನ್ ಏಕಾಏಕಿ ಗರ್ಜಿಸುತ್ತದೆ ಎಂಬ ದೂರೂ ಇದೇ ವರ್ಗದ್ದು. ಇಳಿಜಾರಿನಲ್ಲಿ ಎಂಜಿ2 ಉತ್ಪಾದಿಸುವ ವಿದ್ಯುತ್ತನ್ನು ಬ್ಯಾಟರಿ ನುಂಗುತ್ತ ಹೋಗಿ ತನ್ನ ಮೇಲ್ಮಿತಿ ಮುಟ್ಟಿದಾಗ, ವ್ಯವಸ್ಥೆ ಆ ಶಕ್ತಿಯನ್ನು ಎಂಜಿ1ಕ್ಕೆ ಕೊಟ್ಟು, ಪೆಟ್ರೋಲ್ ಸುಡದೆಯೇ ಎಂಜಿನ್ನನ್ನು ತಿರುಗಿಸಿ, ಹೆಚ್ಚಾದುದನ್ನು ಅದರ ಘರ್ಷಣೆಯಲ್ಲಿ ಕಳೆಯುತ್ತದೆ. ಇದು ಎಂಜಿನ್ ಬ್ರೇಕಿಂಗ್. ಗೇರ್ ಲಿವರಿನಲ್ಲಿ ‘ಬಿ’ ಸ್ಥಾನವಿರುವ ಮಾದರಿಗಳಲ್ಲಿ ಅದನ್ನು ಚಾಲಕನೇ ಕೇಳಿ ಪಡೆಯುತ್ತಾನೆ. ಆದರೆ ಸ್ವಲ್ಪವೇ ದೂರ ಇಳಿಯುವಷ್ಟರಲ್ಲಿ ಬ್ಯಾಟರಿ ತುಂಬಿದೆ ಎಂದು ತೋರಿಸಿ ಎಂಜಿನ್ ತಿರುಗತೊಡಗಿದರೆ, ಮೊದಲು ಇಡೀ ಘಾಟಿಯ ಅರ್ಧದವರೆಗೆ ಹಾಗಾಗುತ್ತಿರಲಿಲ್ಲ ಎಂದರೆ, ಬ್ಯಾಟರಿಯ ಧಾರಣಶಕ್ತಿ ಕುಗ್ಗಿದೆ ಎಂಬ ಸುಳಿವು ಅದರಲ್ಲಿದೆ.

ಮೂರನೆಯದು ಚಾಲಕನ ಕೈಯಲ್ಲೇ ಇದೆ. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಂಥ ಕಡೆ ದೀರ್ಘಕಾಲ ನಿಂತಾಗ ಗೇರನ್ನು ನ್ಯೂಟ್ರಲ್‌ಗೆ ಹಾಕುವ ಅಭ್ಯಾಸ ಅನೇಕರಿಗೆ ಹಳೆಯ ಕಾರಿನಿಂದ ಬಂದಿರುತ್ತದೆ. ಟೊಯೊಟಾ ಪದ್ಧತಿಯಲ್ಲಿ ನ್ಯೂಟ್ರಲ್ ಎಂದರೆ ಎರಡೂ ಯಂತ್ರಗಳ ಇನ್ವರ್ಟರ್ ಸ್ತಬ್ಧವಾಗುವುದು ಎಂದರ್ಥ. ಎಂಜಿನ್ ಓಡುತ್ತಿದ್ದರೂ ಬ್ಯಾಟರಿಗೆ ಒಂದು ಕಣ ವಿದ್ಯುತ್ತೂ ಸೇರುವುದಿಲ್ಲ, ಎ.ಸಿ. ಮಾತ್ರ ಅದೇ ಬ್ಯಾಟರಿಯಿಂದ ಎಳೆಯುತ್ತಲೇ ಇರುತ್ತದೆ. ಹೀಗೆ ಬರಿದಾದ ಬ್ಯಾಟರಿಯನ್ನು ಮತ್ತೆ ಮೇಲೆತ್ತಲು ಎಂಜಿನ್ ಬಹಳ ಹೊತ್ತು ನಿಲ್ಲದೆ ಓಡಬೇಕಾಗುತ್ತದೆ. ನಿಂತಾಗ ‘ಪಿ’ಯಲ್ಲಿ, ಇಲ್ಲವೇ ಬ್ರೇಕ್ ಒತ್ತಿ ‘ಡಿ’ಯಲ್ಲಿ ಇರುವುದು ಸರಿಯಾದ ಕ್ರಮ. ಒಂದು ವಾರ ಹೀಗೆ ಓಡಿಸಿದ ಮೇಲೂ ದೂರು ಉಳಿದರೆ ಮುಂದಿನ ಹಂತಕ್ಕೆ ಹೋಗಬೇಕು.

12 ವೋಲ್ಟ್ ಬ್ಯಾಟರಿ

ಚಿಕ್ಕ ಬ್ಯಾಟರಿ ಸೊರಗಿದಾಗ ಸಾಮಾನ್ಯವಾಗಿ ಕಾಣುವ ಲಕ್ಷಣವೆಂದರೆ ಕಾರು ಓಡಲು ಸಿದ್ಧ ಎಂದು ತೋರಿಸುವ ‘ರೆಡಿ’ ದೀಪ ಬಾರದಿರುವುದು. ಎಂಜಿನ್ ನಿಲ್ಲದಿರುವುದಕ್ಕೆ ಅದು ನೇರ ಕಾರಣವಾಗುವುದು ಅಪರೂಪ. ಆದರೂ ಮೊದಲು ಅಳೆಯಬೇಕಾದದ್ದು ಅದನ್ನೇ, ಏಕೆಂದರೆ ವೋಲ್ಟೇಜ್ ಕುಸಿದ ಕಂಪ್ಯೂಟರ್‌ಗಳು ಇಲ್ಲದ ದೋಷಗಳ ಕೋಡ್‌ಗಳನ್ನು ಸಾಲಾಗಿ ಬರೆದಿಡುತ್ತವೆ. ಆ ಕೋಡ್‌ಗಳ ಬೆನ್ನು ಹತ್ತಿದವರು ದಿನಗಟ್ಟಲೆ ಅಲೆಯುತ್ತಾರೆ. ರಾತ್ರಿಯಿಡೀ ನಿಂತ ಕಾರಿನಲ್ಲಿ ಸುಮಾರು 12.6 ವೋಲ್ಟ್ ಇರಬೇಕು. 12ಕ್ಕಿಂತ ಕೆಳಗಿದ್ದರೆ ಬ್ಯಾಟರಿ ಬರಿದಾಗಿದೆ. ರೆಡಿ ಸ್ಥಿತಿಯಲ್ಲಿ ಅದು 14ರ ಆಸುಪಾಸಿಗೆ ಏರದಿದ್ದರೆ ದೊಡ್ಡ ಬ್ಯಾಟರಿಯಿಂದ ಚಿಕ್ಕದಕ್ಕೆ ವಿದ್ಯುತ್ ಇಳಿಸುವ ಪರಿವರ್ತಕವನ್ನು ನೋಡಬೇಕು. ಜಂಪ್ ಸ್ಟಾರ್ಟ್ ಮಾಡುವಾಗ ಧನ-ಋಣ ತುದಿಗಳನ್ನು ಅದಲುಬದಲು ಮಾಡಿದರೆ ಈ ಪರಿವರ್ತಕಕ್ಕೇ ಪೆಟ್ಟು ಬೀಳಬಹುದು, ಮತ್ತು ಅದರ ಬೆಲೆ ಚಿಕ್ಕ ಬ್ಯಾಟರಿಯ ಬೆಲೆಯಂತಲ್ಲ.

ಬ್ಯಾಟರಿಯ ಉಸಿರು

ಗಾಳಿಯಿಂದ ತಂಪಾಗುವ ಬ್ಯಾಟರಿಗಳು ಕಾರಿನ ಒಳಗಿನ ಗಾಳಿಯನ್ನೇ ಎಳೆದುಕೊಳ್ಳುತ್ತವೆ. ಆ ಗಾಳಿ ಹೋಗುವ ಜಾಲರಿ, ಮಾದರಿಗೆ ತಕ್ಕಂತೆ, ಸೀಟಿನ ಪಕ್ಕದಲ್ಲೋ ಕೆಳಗೋ ಇರುತ್ತದೆ. ಅದರ ಮೇಲೆ ಚೀಲವನ್ನೋ ಹೊದಿಕೆಯನ್ನೋ ಹಾಕಿ ಮುಚ್ಚಿಬಿಟ್ಟ ಕಾರುಗಳು, ನಾಯಿಯ ಕೂದಲು ಮತ್ತು ಕೆಂಧೂಳು ಸೇರಿ ಕಂಬಳಿಯಂತಾದ ಫಿಲ್ಟರ್‌ಗಳು ಗ್ಯಾರೇಜಿಗೆ ಬರುತ್ತಲೇ ಇರುತ್ತವೆ. ಗಾಳಿ ಸಿಗದ ಬ್ಯಾಟರಿ ಬಿಸಿಯಾಗುತ್ತದೆ. ಕಾದ ಬ್ಯಾಟರಿಯನ್ನು ಉಳಿಸಲು ನಿಯಂತ್ರಕವು ಅದಕ್ಕೆ ತುಂಬುವ ಮತ್ತು ಅದರಿಂದ ತೆಗೆಯುವ ಶಕ್ತಿಯ ಮಿತಿಯನ್ನು ಇಳಿಸುತ್ತದೆ. ಮಿತಿ ಇಳಿದಾಗ ಉಳಿದ ಕೆಲಸವೆಲ್ಲ ಎಂಜಿನ್ನಿನ ಹೆಗಲಿಗೆ ಬೀಳುತ್ತದೆ. ಚಾಲಕನಿಗೆ ಕಾಣುವುದು ಈ ಸರಪಳಿಯ ಕೊನೆಯ ಕೊಂಡಿ ಮಾತ್ರ.

ಆದ್ದರಿಂದ ಸ್ಕ್ಯಾನರ್‌ನಲ್ಲಿ ‘ವಿನ್’ ಮತ್ತು ‘ವೌಟ್’ ಎಂಬ ಎರಡು ಮೌಲ್ಯಗಳನ್ನು ತಪ್ಪದೆ ನೋಡಬೇಕು. ಇವು ಬ್ಯಾಟರಿಗೆ ಆ ಕ್ಷಣದಲ್ಲಿ ಅನುಮತಿಸಿದ ಗರಿಷ್ಠ ಒಳಹರಿವು ಮತ್ತು ಹೊರಹರಿವು. ಎರಡನೇ ತಲೆಮಾರಿನ ಪ್ರಿಯಸ್‌ನಲ್ಲಿ ಆರೋಗ್ಯವಂತ ಬ್ಯಾಟರಿಗೆ ಇವು ಸುಮಾರು ಋಣ 25 ಮತ್ತು 21 ಕಿಲೋವಾಟ್ ಇರುತ್ತವೆ. ಬೇರೆ ಮಾದರಿಗಳಲ್ಲಿ ಅಂಕಿ ಬೇರೆ, ತತ್ವ ಒಂದೇ. ಬೆಳಗಿನ ತಂಪಿನಲ್ಲಿ ಸರಿಯಾಗಿದ್ದ ಮಿತಿಗಳು ಅರ್ಧ ಗಂಟೆಯ ಓಟದ ನಂತರ ಕುಸಿದರೆ ಮತ್ತು ಬ್ಯಾಟರಿಯ ತಾಪಮಾನ ಅದೇ ಹೊತ್ತಿಗೆ ಏರಿದ್ದರೆ, ಫಿಲ್ಟರ್, ಫ್ಯಾನ್ ಮತ್ತು ಗಾಳಿಕೊಳವೆಯನ್ನು ಶುಚಿಗೊಳಿಸಿ ಮತ್ತೆ ಓಡಿಸಿ ನೋಡಬೇಕು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಬ್ಯಾಟರಿ ಹೊರಡುವ ಮೊದಲೇ ಬಿಸಿಯಾಗಿರುತ್ತದೆ. ಅಲ್ಲಿ ಮೊದಲ ಕೆಲವು ನಿಮಿಷಗಳ ಅಳತೆಯನ್ನು ನಂಬದೆ, ಒಳಗೆ ಎ.ಸಿ. ತಂಪು ಹರಡಿದ ಮೇಲೆ ಅಳೆಯುವುದು ನ್ಯಾಯ.

ಬ್ಲಾಕ್‌ಗಳ ವೋಲ್ಟೇಜ್: ನಿಜವಾದ ತನಿಖೆ

ಇಷ್ಟಾದ ಮೇಲೂ ದೂರು ಉಳಿದಿದ್ದರೆ ದೊಡ್ಡ ಬ್ಯಾಟರಿಯನ್ನು ಪ್ರಶ್ನಿಸುವ ಸಮಯ ಬಂದಿದೆ. ಮೊದಲು ಒಂದು ಲೆಕ್ಕ. ಎರಡನೇ ತಲೆಮಾರಿನ ಪ್ರಿಯಸ್‌ನ ನಿಕಲ್-ಮೆಟಲ್ ಹೈಡ್ರೈಡ್ ಬ್ಯಾಟರಿ 201.6 ವೋಲ್ಟ್, 6.5 ಆಂಪಿಯರ್-ಗಂಟೆಯದು, ಒಟ್ಟು ಸುಮಾರು 1.3 ಕಿಲೋವಾಟ್-ಗಂಟೆ. ನಿಯಂತ್ರಕವು ಅದನ್ನು ಪೂರ್ತಿ ಬಳಸದೆ, ಶೇ. 60ರ ಸುತ್ತ ಇಟ್ಟುಕೊಂಡು, 40ಕ್ಕಿಂತ ಕೆಳಗೂ 80ಕ್ಕಿಂತ ಮೇಲೂ ಹೋಗದಂತೆ ಕಾಯುತ್ತದೆ. ನಿಂತ ಕಾರಿನಲ್ಲಿ ಎ.ಸಿ. ಮತ್ತು ಇತರ ಭಾರ ಸೇರಿ ಒಂದು ಕಿಲೋವಾಟ್ ಎಳೆಯುತ್ತದೆ ಎಂದಿಟ್ಟುಕೊಂಡರೆ, 60ರಿಂದ 40ಕ್ಕೆ ಇಳಿಯಲು ಸುಮಾರು 15 ನಿಮಿಷ ಬೇಕು. ಹತ್ತು ನಿಮಿಷವಾದರೂ ಹಳೆಯ ಬ್ಯಾಟರಿ ಎಂದು ಒಪ್ಪಬಹುದು. ಮೂರು ನಿಮಿಷಕ್ಕೇ ಎಂಜಿನ್ ಸ್ಟಾರ್ಟ್ ಆದರೆ, ಒಂದೋ ಧಾರಣಶಕ್ತಿ ಕುಗ್ಗಿದೆ, ಇಲ್ಲವೇ ನಿಯಂತ್ರಕಕ್ಕೆ ತಪ್ಪು ವೋಲ್ಟೇಜ್ ವರದಿಯಾಗುತ್ತಿದೆ. ಈ ಎರಡನ್ನು ಬೇರ್ಪಡಿಸುವುದೇ ಇನ್ನುಳಿದ ಕೆಲಸ.

ಆ ಬ್ಯಾಟರಿಯಲ್ಲಿ 1.2 ವೋಲ್ಟಿನ 168 ಕೋಶಗಳಿವೆ. ಆರು ಕೋಶ ಸೇರಿ ಒಂದು ಮಾಡ್ಯೂಲ್, ಅಂಥ 28 ಮಾಡ್ಯೂಲ್. ಕಂಪ್ಯೂಟರ್ ಎರಡೆರಡು ಮಾಡ್ಯೂಲ್‌ಗಳನ್ನು ಒಂದು ಬ್ಲಾಕ್ ಎಂದು ಭಾವಿಸಿ 14 ಬ್ಲಾಕ್‌ಗಳ ವೋಲ್ಟೇಜನ್ನು ಅಳೆಯುತ್ತದೆ. ಪಿ3011ರಿಂದ ಪಿ3024ರವರೆಗಿನ ಕೋಡ್‌ಗಳು ದುರ್ಬಲ ಬ್ಲಾಕ್ ಯಾವುದೆಂದು ಬೆರಳಿಟ್ಟು ತೋರಿಸುತ್ತವೆ. ಪಿ0ಎ80 ಇಡೀ ಬ್ಯಾಟರಿಯನ್ನು ಬದಲಿಸಿ ಎನ್ನುತ್ತದೆ. ಅದನ್ನು ತೀರ್ಪೆಂದು ಸ್ವೀಕರಿಸದೆ ಆರೋಪಪಟ್ಟಿಯೆಂದು ಓದುವುದು ಒಳ್ಳೆಯದು, ಏಕೆಂದರೆ ಕಂಪ್ಯೂಟರ್ ನೋಡುವುದು ತಂತಿಯ ತುದಿಗೆ ಬಂದ ವೋಲ್ಟೇಜನ್ನು ಮಾತ್ರ. ಅದು ಕೋಶದಿಂದ ಬಂತೋ ತುಕ್ಕಿನಿಂದ ಬಂತೋ ಅದಕ್ಕೆ ತಿಳಿಯದು.

ಪರೀಕ್ಷೆ ಹೀಗೆ. ಖಾಲಿ ರಸ್ತೆಯಲ್ಲಿ, ಇನ್ನೊಬ್ಬರು ಸ್ಕ್ಯಾನರ್ ಹಿಡಿದು ಕುಳಿತಿರುವಾಗ, ಎಲ್ಲ ಬ್ಲಾಕ್‌ಗಳ ವೋಲ್ಟೇಜ್ ಮತ್ತು ಬ್ಯಾಟರಿಯ ವಿದ್ಯುತ್‌ಪ್ರವಾಹವನ್ನು ದಾಖಲಿಸುತ್ತ ಮೊದಲು ಜೋರಾಗಿ ವೇಗ ಹೆಚ್ಚಿಸಬೇಕು, ಅನಂತರ ನಿಧಾನವಾಗಿ ಬ್ರೇಕ್ ಒತ್ತಿ ನಿಲ್ಲಿಸಬೇಕು. ಆರೋಗ್ಯವಂತ ಬ್ಯಾಟರಿಯಲ್ಲಿ ಎಲ್ಲ ಬ್ಲಾಕ್‌ಗಳೂ ಜೊತೆಯಾಗಿ ಇಳಿದು ಜೊತೆಯಾಗಿ ಏರುತ್ತವೆ, ನಡುವಿನ ಅಂತರ ಒಂದು ವೋಲ್ಟಿನ ಸಣ್ಣ ಅಂಶ ಮಾತ್ರ. ಒಂದು ಬ್ಲಾಕ್ ಸದಾಕಾಲ, ಭಾರವಿರಲಿ ಇಲ್ಲದಿರಲಿ, ಇತರವುಗಳಿಗಿಂತ ಸುಮಾರು 1.2 ವೋಲ್ಟ್ ಕೆಳಗಿದ್ದರೆ ಅದರಲ್ಲೊಂದು ಕೋಶ ಸತ್ತಿದೆ ಎಂದು ಧೈರ್ಯವಾಗಿ ಹೇಳಬಹುದು. ಕೋಶವೊಂದರ ಪಾಲು ಅಷ್ಟೇ ಆಗಿರುವುದೇ ಇದಕ್ಕೆ ಆಧಾರ.

ಭಾರ ಬಿದ್ದಾಗ ಮಾತ್ರ ಒಂದು ಬ್ಲಾಕ್ ಕುಸಿದು, ಚಾರ್ಜ್ ಆಗುವಾಗ ಇತರವುಗಳಿಗಿಂತ ಮೇಲೇರಿದರೆ ಅಲ್ಲಿ ತಡೆ ಹೆಚ್ಚಾಗಿದೆ. ಈ ತಡೆ ಕೋಶದ ಒಳಗಿನದೂ ಆಗಿರಬಹುದು, ಮಾಡ್ಯೂಲ್‌ಗಳನ್ನು ಜೋಡಿಸುವ ತಾಮ್ರದ ಪಟ್ಟಿಯ ಮೇಲೆ ಕಟ್ಟಿದ ಹಸಿರು ಕಿಲುಬಿನದೂ ಆಗಿರಬಹುದು. ಇಲ್ಲಿ ಕಾಲವನ್ನು ಗಮನಿಸಬೇಕು. ಕಿಲುಬಿನಿಂದಾದ ಕುಸಿತ ಪ್ರವಾಹದ ಜೊತೆಗೇ ಬಂದು, ಪ್ರವಾಹ ನಿಂತ ಕ್ಷಣವೇ ಪೂರ್ತಿ ಅಳಿಯುತ್ತದೆ. ದಣಿದ ಕೋಶದ ಕುಸಿತ ಭಾರ ಮುಂದುವರಿದಂತೆ ಆಳಕ್ಕಿಳಿಯುತ್ತ ಹೋಗಿ, ಭಾರ ತೆಗೆದ ಮೇಲೂ ಚೇತರಿಸಿಕೊಳ್ಳಲು ಹೊತ್ತು ತೆಗೆದುಕೊಳ್ಳುತ್ತದೆ.

ಇನ್ನೂ ಒಂದು ವಿನ್ಯಾಸ ಕಾಣಬಹುದು, ಮತ್ತು ಇದನ್ನು ಗುರುತಿಸದೆ ಒಳ್ಳೆಯ ಬ್ಯಾಟರಿಗಳನ್ನು ಎಸೆಯಲಾಗುತ್ತದೆ. ಪಕ್ಕಪಕ್ಕದ ಎರಡು ಬ್ಲಾಕ್‌ಗಳಲ್ಲಿ ಒಂದು ಎಷ್ಟು ಕೆಳಗಿದೆಯೋ ಇನ್ನೊಂದು ಅಷ್ಟೇ ಮೇಲಿದ್ದು, ಎರಡರ ಮೊತ್ತ ಸರಿಯಾಗಿದ್ದರೆ, ದೋಷ ಕೋಶಗಳಲ್ಲಿಲ್ಲ. ನೆರೆಯ ಬ್ಲಾಕ್‌ಗಳು ನಡುವೆ ಒಂದೇ ಅಳತೆಯ ತಂತಿಯನ್ನು ಹಂಚಿಕೊಂಡಿರುವುದರಿಂದ, ಆ ತಂತಿಯ ಜೋಡಣೆ ಹಾಳಾದಾಗ ಒಂದರಿಂದ ಕಳೆದ ವೋಲ್ಟೇಜ್ ಇನ್ನೊಂದಕ್ಕೆ ಸೇರಿದಂತೆ ಕಾಣುತ್ತದೆ. ಆ ತುದಿಯನ್ನೂ ಕನೆಕ್ಟರನ್ನೂ ಶುಚಿಗೊಳಿಸಿದರೆ ಕೆಲಸ ಮುಗಿಯಿತು.

ಕೋಶವೇ ಸತ್ತಿದ್ದರೆ ಒಂದೇ ಮಾಡ್ಯೂಲ್ ಬದಲಿಸುವ ಅಗ್ಗದ ದಾರಿ ಇದೆ. ಅದನ್ನು ನಾನು ಶಿಫಾರಸು ಮಾಡುವುದಿಲ್ಲ. ಹತ್ತು ವರ್ಷ ಒಟ್ಟಿಗೆ ದುಡಿದ ಇತರ ಮಾಡ್ಯೂಲ್‌ಗಳೂ ಅದೇ ವಯಸ್ಸಿನವು. ಹೊಸದೊಂದು ನಡುವೆ ಕೂತಾಗ ಅಸಮತೋಲನ ಹೆಚ್ಚುತ್ತದೆ, ಮುಂದಿನ ದುರ್ಬಲ ಮಾಡ್ಯೂಲ್ ಬೇಗನೆ ಸರದಿಗೆ ಬರುತ್ತದೆ. ಕಾರನ್ನು ಮಾರುವವನಿಗೆ ಈ ರಿಪೇರಿ ಸಾಕು, ಇಟ್ಟುಕೊಳ್ಳುವವನಿಗೆ ಸಾಲದು.

ಹೈರೈಡರ್, ಗ್ರ್ಯಾಂಡ್ ವಿಟಾರಾಗಳ ಲಿಥಿಯಂ ಅಯಾನ್ ಬ್ಯಾಟರಿಗಳಲ್ಲೂ ಹೋಲಿಕೆಯ ತತ್ವ ಇದೇ. ಆದರೆ ಅಲ್ಲಿ ಕೋಶವೊಂದರ ವೋಲ್ಟೇಜ್ ಮೂರು ಪಟ್ಟು ಹೆಚ್ಚಿರುವುದರಿಂದ 1.2ರ ಲೆಕ್ಕ ಅನ್ವಯಿಸದು, ಮತ್ತು ಆ ಪೆಟ್ಟಿಗೆಗಳನ್ನು ಹೊರಗಿನ ಗ್ಯಾರೇಜಿನಲ್ಲಿ ಬಿಚ್ಚುವುದು ಸಲ್ಲದು.

ಬ್ಯಾಟರಿಯಲ್ಲದ ಇಬ್ಬರು ಅಪರಾಧಿಗಳು

ಇನ್ವರ್ಟರಿಗೆ ಎಂಜಿನ್ನಿನದಕ್ಕಿಂತ ಬೇರೆಯದೇ ಆದ ಕೂಲೆಂಟ್ ಹಾದಿಯೂ ವಿದ್ಯುತ್ ಪಂಪೂ ಇರುತ್ತವೆ. ಆ ಪಂಪ್ ಸೋತರೆ ಟ್ರಾಫಿಕ್‌ನಲ್ಲೋ ಏರಿನಲ್ಲೋ ಇನ್ವರ್ಟರ್ ಕಾದು ಮೋಟಾರಿನ ಶಕ್ತಿಯನ್ನು ಮೊಟಕುಗೊಳಿಸುತ್ತದೆ. ಕೋಡ್ ಸಾಮಾನ್ಯವಾಗಿ ಪಿ0ಎ93. ರೆಡಿ ಸ್ಥಿತಿಯಲ್ಲಿ ಇನ್ವರ್ಟರ್ ಕೂಲೆಂಟ್ ತೊಟ್ಟಿಯೊಳಗೆ ದ್ರವ ಸುಳಿಯುತ್ತಿದೆಯೇ ಎಂದು ನೋಡಿದರೆ ಹಳೆಯ ಪ್ರಿಯಸ್‌ಗಳಲ್ಲಿ ಉತ್ತರ ಅಲ್ಲೇ ಸಿಗುತ್ತದೆ.

ಎರಡನೆಯದು ಹೆಚ್ಚು ಕುತಂತ್ರಿ. ಪಿ0ಎಎ6 ಎಂದರೆ ಹೆಚ್ಚಿನ ವೋಲ್ಟೇಜಿನ ಮಂಡಲದಿಂದ ಕಾರಿನ ಮೈಗೆ ವಿದ್ಯುತ್ ಸೋರುತ್ತಿದೆ ಎಂದು. ಇದರ ಜೊತೆ ಬರುವ ಉಪಸಂಖ್ಯೆ ಟೊಯೊಟಾದಲ್ಲಿ ಬಹಳ ಉಪಯುಕ್ತ: 611 ಇದ್ದರೆ ಎ.ಸಿ. ಕಡೆ, 612 ಬ್ಯಾಟರಿ ಕಡೆ, 613 ಗೇರ್‌ಬಾಕ್ಸ್ ಕಡೆ, 614 ಉಳಿದ ನೇರ ಪ್ರವಾಹದ ಮಂಡಲದ ಕಡೆ ನೋಡಬೇಕು. 611 ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ, ಇತ್ತೀಚೆಗೆ ಎ.ಸಿ. ಗ್ಯಾಸ್ ತುಂಬಿಸಿದಿರಾ ಎಂಬುದು. ಈ ಕಾರುಗಳ ಕಂಪ್ರೆಸರ್ ಒಳಗೆ ಹೆಚ್ಚಿನ ವೋಲ್ಟೇಜಿನ ಮೋಟಾರೇ ಎಣ್ಣೆಯಲ್ಲಿ ಮುಳುಗಿರುತ್ತದೆ. ಅದಕ್ಕೆ ವಿದ್ಯುತ್ ನಿರೋಧಕವಾದ ಎನ್‌ಡಿ 11 ಬಗೆಯ ಎಣ್ಣೆಯೇ ಬೇಕು. ಸಾಮಾನ್ಯ ಕಾರುಗಳ ಪಿಎಜಿ ಎಣ್ಣೆ, ಗ್ಯಾಸ್ ತುಂಬುವ ಯಂತ್ರದ ಕೊಳವೆಯಲ್ಲಿ ಉಳಿದಿದ್ದಷ್ಟೇ ಸೇರಿದರೂ, ನಿರೋಧಕತೆ ಕುಸಿಯುತ್ತದೆ. ಆಮೇಲೆ ಬ್ಯಾಟರಿ ಬದಲಿಸಿ ಏನು ಪ್ರಯೋಜನ? ಹೈಬ್ರಿಡ್ ಕಾರಿನ ಎ.ಸಿ. ಕೆಲಸಕ್ಕೆ ಪ್ರತ್ಯೇಕ ಯಂತ್ರ ಇಟ್ಟಿದ್ದಾರೆಯೇ ಎಂದು ಕೇಳದೆ ಕಾರು ಒಪ್ಪಿಸಬಾರದು.

ಇತರ ಪದ್ಧತಿಗಳಲ್ಲಿ ಇದೇ ಲಕ್ಷಣ

ಹೋಂಡಾದ ಐಎಂಎ ಪದ್ಧತಿಯಲ್ಲಿ, 2008ರಲ್ಲಿ ಭಾರತಕ್ಕೆ ಬಂದ ಸಿವಿಕ್ ಹೈಬ್ರಿಡ್‌ನಲ್ಲಿ ಇದ್ದಂತೆ, ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ತೆಳುವಾದ ಒಂದೇ ಮೋಟಾರು ಇರುತ್ತದೆ. ಬ್ಯಾಟರಿ ಸೊರಗಿದಾಗ ಅದರ ಮಟ್ಟ ಅರ್ಧದಿಂದ ತಳಕ್ಕೆ ಧುತ್ತನೆ ಬಿದ್ದು, ಕಾರು ಬಲವಂತವಾಗಿ ಚಾರ್ಜ್ ಮಾಡಿಕೊಳ್ಳತೊಡಗುತ್ತದೆ, ಎಳೆತ ಸಪ್ಪೆಯಾಗುತ್ತದೆ. ನಿಯಂತ್ರಕವು ತನ್ನ ಅಂದಾಜು ತಪ್ಪೆಂದು ಅರಿತು ಲೆಕ್ಕವನ್ನು ಹೊಸದಾಗಿ ಹಾಕುವ ಕ್ಷಣ ಅದು. ಅಪರೂಪಕ್ಕೊಮ್ಮೆ ಆದರೆ ಚಿಂತೆಯಿಲ್ಲ. ದಿನನಿತ್ಯ ಆದರೆ ಬ್ಯಾಟರಿ ಮುಗಿದಿದೆ. ಸಾಮಾನ್ಯ ಸ್ಟಾರ್ಟರೂ ಇರುವುದರಿಂದ ಕಾರು ದಾರಿಯಲ್ಲಿ ಕೈಬಿಡುವುದಿಲ್ಲ. ಟೊಯೊಟಾ ಮಾಲೀಕನಿಗೆ ಈ ಭಾಗ್ಯವಿಲ್ಲ.

2022ರಲ್ಲಿ ಬಂದ ಸಿಟಿ ಇ:ಎಚ್‌ಇವಿಯದು ಬೇರೆಯೇ ಸ್ವಭಾವ. ಊರೊಳಗೆ ಎಂಜಿನ್ ಜನರೇಟರನ್ನು ತಿರುಗಿಸುತ್ತದೆ, ಇನ್ನೊಂದು ಮೋಟಾರು ಚಕ್ರಗಳನ್ನು ಓಡಿಸುತ್ತದೆ. ಹೆದ್ದಾರಿಯ ವೇಗದಲ್ಲಿ ಮಾತ್ರ ಕ್ಲಚ್ ಹಿಡಿದು ಎಂಜಿನ್ ಚಕ್ರಕ್ಕೆ ನೇರವಾಗಿ ಸೇರುತ್ತದೆ. ಹೀಗಾಗಿ ವೇಗಕ್ಕೂ ಎಂಜಿನ್ ಸದ್ದಿಗೂ ಹೊಂದಿಕೆಯಿಲ್ಲದಿರುವುದು ದೋಷವಲ್ಲ. ಊರೊಳಗಿನ ಮೈಲೇಜ್ ಮೊದಲಿನಂತೆಯೇ ಇದ್ದು ಹೆದ್ದಾರಿಯಲ್ಲಿ ಮಾತ್ರ ಕುಸಿದಿದ್ದರೆ, ಸಮವೇಗದ ಓಟದಲ್ಲಿ ಶಕ್ತಿಹರಿವಿನ ಪರದೆ ಎಂಜಿನ್-ಚಕ್ರಗಳ ನೇರ ಸಂಪರ್ಕ ತೋರಿಸುತ್ತಿದೆಯೇ ಎಂದು ನೋಡಬೇಕು.

ಅಮೆರಿಕದಲ್ಲಿರುವ ಕನ್ನಡಿಗರಲ್ಲಿ ಕಿಯಾ ನಿರೋ ಹೈಬ್ರಿಡ್ ಇಟ್ಟುಕೊಂಡವರು ನೆನಪಿಡಬೇಕಾದ ಒಂದೇ ವಿಷಯ: ಅದರ 12 ವೋಲ್ಟ್ ಬ್ಯಾಟರಿಯೂ ಲಿಥಿಯಂನದು, ಬರಿದಾದಾಗ ತನ್ನನ್ನು ತಾನೇ ಕಡಿದುಕೊಳ್ಳುತ್ತದೆ, ಅದಕ್ಕಾಗಿಯೇ ಡ್ಯಾಶ್‌ಬೋರ್ಡಿನಲ್ಲಿ ರೀಸೆಟ್ ಗುಂಡಿ ಇದೆ. ಟೋಯಿಂಗ್‌ಗೆ ಕರೆಯುವ ಮೊದಲು ಅದನ್ನೊತ್ತಿ.

ಮಾರುತಿಯ ಸ್ಮಾರ್ಟ್ ಹೈಬ್ರಿಡ್‌ನಂಥ ಸೌಮ್ಯ ಪದ್ಧತಿಗಳಲ್ಲಿ, ಎಂದರೆ ಮೇಲೆ ಹೇಳಿದ ಬೆಲ್ಟಿನ ಸ್ಟಾರ್ಟರ್-ಜನರೇಟರ್ ಇರುವವುಗಳಲ್ಲಿ, ಎಂಜಿನ್ ನಿಲ್ಲದಿದ್ದರೆ ಮೊದಲು ನೋಡಬೇಕಾದದ್ದು ಸೀಸದ ಬ್ಯಾಟರಿಯನ್ನು. ಪದೇಪದೇ ಸ್ಟಾರ್ಟ್ ಆಗುವ ಕಾರಿಗೆಂದೇ ಮಾಡಿದ ಬ್ಯಾಟರಿಯ ಜಾಗದಲ್ಲಿ ಅಗ್ಗದ ಸಾಮಾನ್ಯ ಬ್ಯಾಟರಿ ಕೂರಿಸಿದ್ದರೆ ಕಾರಣ ಅಲ್ಲೇ ಇರಬಹುದು. ನಂತರ ಬೆಲ್ಟಿನ ಬಿಗಿ, ಸೀಟ್ ಬೆಲ್ಟ್ ಮತ್ತು ಬಾನೆಟ್ ಸ್ವಿಚ್.

ಯಾವುದೇ ಕಾರಿರಲಿ, ಕೋಡ್ ಅಳಿಸುವ ಮೊದಲು ಅದರೊಂದಿಗೆ ಉಳಿದಿರುವ ಫ್ರೀಜ್ ಫ್ರೇಮ್ ದಾಖಲೆಯನ್ನು ಬರೆದಿಟ್ಟುಕೊಳ್ಳಬೇಕು. ದೋಷ ಹುಟ್ಟಿದಾಗಿನ ವೇಗ, ತಾಪಮಾನ, ಬ್ಯಾಟರಿ ಮಟ್ಟ ಮತ್ತು ಪ್ರವಾಹ ಅದರಲ್ಲಿರುತ್ತವೆ. ರಿಪೇರಿಯಾದ ಮೇಲೆ ಅದೇ ವೇಗದಲ್ಲಿ, ಸಾಧ್ಯವಾದರೆ ಅದೇ ಹೊತ್ತಿನಲ್ಲಿ, ಎ.ಸಿ. ಹಾಕಿ ಓಡಿಸಿ ಬ್ಲಾಕ್‌ಗಳ ಅಂತರವನ್ನೂ ಎರಡು ಮಿತಿಗಳನ್ನೂ ಮತ್ತೆ ದಾಖಲಿಸಬೇಕು. ಅಂತರ ಮುಚ್ಚಿ ಮಿತಿಗಳು ಮೇಲೇರಿದ್ದರೆ ಕಾರನ್ನು ಮಾಲೀಕನಿಗೆ ಕೊಡಬಹುದು. ಕೋಡ್ ಮಾತ್ರ ಹೋಗಿ ಅಂಕಿಗಳು ಹಾಗೆಯೇ ಇದ್ದರೆ ಕೆಲಸ ಇನ್ನೂ ಬಾಕಿಯಿದೆ.